ಸಂಜೆ ಐದೂವರೆಗೆ ಬರುತ್ತಿದ್ದ ನಾಲ್ವರಿಗೆ

ಕಳೆದ ವಾರ ಕೋಲಾರದ ನಮ್ಮ ಮನೆಯಲ್ಲಿ ತಂದೆಯವರ ಭೀಮರಥ ಶಾಂತಿ ನೆರವೇರಿತು. 70 ತುಂಬಿದ ಅವರು ಹೋಮದ ಮುಂದೆ ಎರಡು ಗಂಟೆ ಕುರ್ಚಿಯಲ್ಲಿ ಕುಳಿತಿದ್ದು, ಊಟ ಮುಗಿಸಿ ಹೊರಟವರನ್ನು ಬಾಗಿಲವರೆಗೆ ತಾವೇ ನಡೆದುಹೋಗಿ ಬೀಳ್ಕೊಟ್ಟರು. 2025ರ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಒಂದೇ ರಾತ್ರಿಯಲ್ಲಿ ಹೋದಾಗ, ಈ ವಯಸ್ಸಿನಲ್ಲಿ ಹೆಚ್ಚೇನೂ ನಿರೀಕ್ಷಿಸಬೇಡಿ ಎಂದು ಆಸ್ಪತ್ರೆಯಲ್ಲಿ ಒಬ್ಬರು ನಮಗೆ ಹೇಳಿದ್ದರು. ನಾನು ಅದನ್ನು ನಂಬಿದ್ದೆ. ನಂಬದೆ ದಿನವೂ ಸಂಜೆ ಐದೂವರೆಗೆ ಬಂದು ಮಂಚದ ಸುತ್ತ ಕುಳಿತ ನಾಲ್ವರಿಗೆ ಕೃತಜ್ಞತೆ ಸಲ್ಲಿಸಲು ಈ ಬರಹ. ಹೆಸರು ಹಾಕಕೂಡದೆಂದು ಅವರೇ ತಾಕೀತು ಮಾಡಿರುವುದರಿಂದ ಹಾಕಿಲ್ಲ.

ತಂದೆಯವರು ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೂ ಅಲ್ಲಿ ಗುಮಾಸ್ತರಾಗಿದ್ದವರು. ಅವರನ್ನೂ ಈ ನಾಲ್ವರನ್ನೂ ಒಂದುಗೂಡಿಸಿದ್ದು ಬಾಕ್ಸಿಂಗ್ ಹುಚ್ಚು. 1980ರಲ್ಲಿ ಮುಹಮ್ಮದ್ ಅಲಿ ಮದರಾಸಿಗೆ ಬಂದು, ಹಳೆಯ ಗೆಳೆಯ ಜಿಮ್ಮಿ ಎಲಿಸ್‌ನೊಂದಿಗೆ ನೆಹರೂ ಕ್ರೀಡಾಂಗಣದಲ್ಲಿ ಪ್ರದರ್ಶನ ಪಂದ್ಯವಾಡಿದಾಗ, ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿ ನೋಡಿ ಬಂದವರಿವರು. ಅಲಿಯ ಪಾದಗಳ ಚಲನೆಯನ್ನು ತಂದೆಯವರು ಇಂದಿಗೂ ವರ್ಣಿಸುತ್ತಾರೆ. ಅವರು ಕುಳಿತಿದ್ದ ಜಾಗದಿಂದ ಮುಂದಿನವರ ತಲೆಗಳಲ್ಲದೆ ಬೇರೇನೂ ಕಾಣುತ್ತಿರಲಿಲ್ಲ ಎಂದು ನಾಲ್ವರಲ್ಲೊಬ್ಬರಾದ ಡ್ರಾಯಿಂಗ್ ಮೇಷ್ಟ್ರು ಅಷ್ಟೇ ಖಂಡಿತವಾಗಿ ಹೇಳುತ್ತಾರೆ.

ಕಾಯಿಲೆಯವರನ್ನು ನೋಡಲು ಬಂದವರು ಸಾಮಾನ್ಯವಾಗಿ ಕೇಳುವ ಯಾವ ಪ್ರಶ್ನೆಯನ್ನೂ ಇವರು ಕೇಳಲಿಲ್ಲ. ಕಾಫಿ ಬರುವಷ್ಟರಲ್ಲಿ ಯಾವುದೋ ಹಳೆಯ ಪಂದ್ಯದ ಮಾತು ಶುರುವಾಗಿರುತ್ತಿತ್ತು. ಮಾರ್ಚ್ 21ರಂದು ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ 76ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ತಂದೆಯವರ ಮನಸ್ಸು ಕುಗ್ಗಬಾರದೆಂದು ನಾನು ಸುದ್ದಿಯನ್ನು ಬಚ್ಚಿಟ್ಟಿದ್ದೆ. ಮೇಷ್ಟ್ರು ಎರಡನೆಯ ದಿನವೇ ನನ್ನನ್ನು ಕೇಳದೆ ಅದನ್ನು ಹೇಳಿಬಿಟ್ಟರು. ನನಗೆ ಕೋಪ ಬಂದಿತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ತಂದೆಯವರು ಗೋಡೆಯತ್ತ ಮುಖ ಮಾಡಿ ಮಲಗಿದರು. ಮೇಷ್ಟ್ರು ಮಾತ್ರ ನಿಲ್ಲಿಸದೆ, 1974ರಲ್ಲಿ ಕಿನ್ಶಾಸಾದಲ್ಲಿ ಅಲಿಗೆ ಸೋತಾಗ ಉಟ್ಟಿದ್ದ ಅದೇ ಕೆಂಪು ಚಡ್ಡಿಯನ್ನು 20 ವರ್ಷಗಳ ನಂತರ ಮತ್ತೆ ತೊಟ್ಟು, 45ನೆಯ ವಯಸ್ಸಿನಲ್ಲಿ, ಅಂದಿನವರೆಗೆ ಸೋಲನ್ನೇ ಕಾಣದಿದ್ದ 26ರ ಮೈಕೆಲ್ ಮೂರರ್‌ನನ್ನು ಫೋರ್‌ಮನ್ ಕೆಡವಿ ಮತ್ತೆ ವಿಶ್ವ ಚಾಂಪಿಯನ್ ಆದ ಕಥೆಯನ್ನು ಹೇಳುತ್ತಾ ಹೋದರು. ಅಂಕಗಳಲ್ಲಿ ಹಿಂದಿದ್ದನಂತೆ, ತಾಳ್ಮೆಯಿಂದ ಕಾದನಂತೆ, ಒಂಬತ್ತನೆಯ ಸುತ್ತಿನಲ್ಲಿ ಬಲಗೈಯ ಒಂದು ನೇರ ಪೆಟ್ಟು ಕೊಟ್ಟನಂತೆ.

"ಹತ್ತು" ಎಂದಿತು ಗೋಡೆಯ ಕಡೆಯಿಂದ ಒಂದು ಧ್ವನಿ.

ಐದು ವಾರಗಳಲ್ಲಿ ನಮಗೆ ಅರ್ಥವಾದ ಮೊದಲ ಮಾತು ಅದು. ಸುತ್ತಿನ ಲೆಕ್ಕವನ್ನು ಬೇಕೆಂದೇ ತಪ್ಪಾಗಿ ಹೇಳಿದ್ದೆನೆಂದು ಮೇಷ್ಟ್ರು ತಿಂಗಳುಗಳ ನಂತರ ನನ್ನೊಬ್ಬನಿಗೆ ತಿಳಿಸಿದರು. ತಂದೆಯವರಿಗೆ ಇಂದೇ ಈ ಗುಟ್ಟು ಗೊತ್ತಾಗುವುದು, ಮೇಷ್ಟ್ರು ಕ್ಷಮಿಸಬೇಕು.

ಎರಡನೆಯ ಉಪಕಾರ ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಕಂಡಕ್ಟರ್ ಅಣ್ಣನವರದು. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟ ವ್ಯಾಯಾಮಗಳನ್ನು ತಂದೆಯವರು ಎರಡೇ ನಿಮಿಷಕ್ಕೆ ಕೈಬಿಟ್ಟು ಸಿಡುಕುತ್ತಿದ್ದರು. ಅಣ್ಣನವರು ಒಂದು ದಿನ ಡ್ಯೂಟಿಯ ಕಾಲದ ಸೀಟಿಯನ್ನು ಜೇಬಿನಿಂದ ತೆಗೆದು, ಇನ್ನು ಮುಂದೆ ಬಾಕ್ಸಿಂಗಿನ ಲೆಕ್ಕದಂತೆ ಮೂರು ನಿಮಿಷ ಆಟ, ಒಂದು ನಿಮಿಷ ವಿಶ್ರಾಂತಿ ಎಂದು ಘೋಷಿಸಿದರು. ಬಸ್ಸಿನ ರೂಢಿಯಂತೆ ಹೊರಡಲು ಎರಡು ಸೀಟಿ, ನಿಲ್ಲಲು ಒಂದು. ಸ್ಪಂಜಿನ ಚೆಂಡನ್ನು ಹಿಸುಕುವುದು ಮೊದಲ ಸುತ್ತು, ಗೋಡೆ ಹಿಡಿದು ನಿಲ್ಲುವುದು ಎರಡನೆಯದು. ಸೀಟಿಯಾಗದೆ ಚೆಂಡನ್ನು ಕೆಳಗಿಡುವುದು ತಂದೆಯವರಿಗೆ ಅವಮಾನವೆನಿಸತೊಡಗಿತು. ಬೇಸಿಗೆ ಮುಗಿಯುವ ಹೊತ್ತಿಗೆ ದಿನಕ್ಕೆ ಆರು ಸುತ್ತುಗಳಾಗಿದ್ದವು. ಸೀಟಿಯ ಸದ್ದನ್ನು ಅಷ್ಟು ದಿನ ಸಹಿಸಿಕೊಂಡ ನೆರೆಮನೆಯವರಿಗೂ ನಮ್ಮ ವಂದನೆಗಳು.

ಮುಪ್ಪನ್ನು ಚೆನ್ನಾಗಿ ಬಾಳಿದ ಬಾಕ್ಸರ್ ಯಾರು ಎಂಬ ಅವರ ವಾದ ಮಾತ್ರ ಇನ್ನೂ ಮುಗಿದಿಲ್ಲ. ಕಂಡಕ್ಟರ್ ಅಣ್ಣನವರು ಫೋರ್‌ಮನ್‌ನನ್ನು ಬಿಟ್ಟುಕೊಡುವುದಿಲ್ಲ. ದುಡಿದ ಹಣವನ್ನು ಕಳೆಯದೆ ತನ್ನ ಈಸ್ಟನ್ ಊರಿನಲ್ಲೇ ನೆಲೆನಿಂತ ಲ್ಯಾರಿ ಹೋಮ್ಸ್ ಮೇಷ್ಟ್ರ ಆಯ್ಕೆ. ಟೊಮೆಟೊ ಮಂಡಿಯಿಂದ ಕೆಲಸ ಮುಗಿಸಿ ತಡವಾಗಿ ಬರುವ ಮೂರನೆಯವರದು ಪಂಜಾಬಿನ ಕೌರ್ ಸಿಂಗ್ ಪಕ್ಷ. 1980ರಲ್ಲಿ ದೆಹಲಿಯಲ್ಲಿ ಅಲಿಯೆದುರು ಪ್ರದರ್ಶನ ಪಂದ್ಯದಲ್ಲಿ ನಿಂತು, 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು, ಕೊನೆಗೆ ತನ್ನ ಹಳ್ಳಿಯ ಹೊಲಕ್ಕೇ ಮರಳಿದವನಿಗಿಂತ ದೊಡ್ಡವನು ಬೇಕೇ ಎಂಬುದು ಅವರ ಪ್ರಶ್ನೆ. ನಾಲ್ಕನೆಯವರು ಯಾರ ಪಕ್ಷವನ್ನೂ ವಹಿಸದೆ ಬೋಂಡಾ ತಿನ್ನುತ್ತಾರೆ. ಅವರು ಮೊದಲ ತಿಂಗಳು ರಾತ್ರಿಗಳಲ್ಲಿ ಉಳಿದುಕೊಂಡು ನನ್ನ ತಾಯಿಗೆ ನಿದ್ರೆಯ ಬಿಡುವು ಕೊಟ್ಟವರು.

ತಂದೆಯವರದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. 1936ರಲ್ಲಿ ಜೋ ಲೂಯಿಸ್‌ನನ್ನು ಸೋಲಿಸಿ, 1938ರಲ್ಲಿ ಅವನಿಂದಲೇ ಮೊದಲ ಸುತ್ತಿನಲ್ಲಿ ನೆಲಕ್ಕುರುಳಿ, ಮುಂದೆ ಕಷ್ಟಕ್ಕೆ ಬಿದ್ದ ಅದೇ ಲೂಯಿಸ್‌ಗೆ ಹಣದ ನೆರವು ನೀಡಿ, 1981ರಲ್ಲಿ ಅವನ ಅಂತ್ಯಕ್ರಿಯೆಯ ಖರ್ಚಿಗೂ ಹೆಗಲು ಕೊಟ್ಟವನು. ಈ ಬರಹದ ಕರಡಿನಲ್ಲಿ ಆತ 100 ವರ್ಷ ಬದುಕಿದ್ದನೆಂದು ನಾನು ಬರೆದಿದ್ದೆ. ತಂದೆಯವರು ಪೆನ್ಸಿಲ್ ಕೇಳಿ ಪಡೆದು, ಅದನ್ನು ಹೊಡೆದುಹಾಕಿ, ಬಲಗೈಯಿಂದಲೇ ಪಕ್ಕದಲ್ಲಿ 99 ಎಂದು ತಿದ್ದಿದರು. ಅಂಕಿಗಳು ಸೊಟ್ಟಗಿವೆ, ಆದರೆ ಓದಲು ಬರುತ್ತವೆ.