ಕೇಳದೆ ಮಾಡಿದ ಪಾಲಿಶ್: ಏಳು ಕಂಚಿನ ತಟ್ಟೆಗಳ ಬಗ್ಗೆ ದೂರು

ಮೈಸೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ,
ಸಾಮಾನು ಸಾಗಣೆ ಸಂಸ್ಥೆ, ಬೆಂಗಳೂರು

ಮಾನ್ಯರೇ,

ವಿಷಯ: ಪ್ಯಾರಿಸ್ಸಿನಿಂದ ಬಂದ ಹಳೆಯ ಕಂಚಿನ ತಟ್ಟೆಗಳನ್ನು ನಮ್ಮ ಒಪ್ಪಿಗೆಯಿಲ್ಲದೆ ಪಾಲಿಶ್ ಮಾಡಿ ಹಾಳುಮಾಡಿರುವುದು ಮತ್ತು ವಿಮೆಯ ಹಣ ನಿರಾಕರಿಸಿರುವುದು.

ಹನ್ನೊಂದು ವರ್ಷ ಪ್ಯಾರಿಸ್ಸಿನಲ್ಲಿದ್ದು ಊರಿಗೆ ಮರಳುವಾಗ ಮನೆ ಸಾಮಾನು ಸಾಗಿಸುವ ಕೆಲಸವನ್ನು ನಿಮಗೆ ವಹಿಸಿದ್ದೆವು. ಸೋಫಾ ಬಂತು, ಪುಸ್ತಕಗಳು ಬಂದವು, ಗಾಜಿನ ಸಾಮಾನಿನಲ್ಲಿ ಒಂದೇ ಒಂದು ಲೋಟ ಒಡೆದಿತ್ತು. ಅದಕ್ಕೆಲ್ಲ ನನ್ನ ತಕರಾರಿಲ್ಲ. ತಕರಾರು ಇರುವುದು ಪಟ್ಟಿಯ 43ನೆಯ ಸಾಲಿನ ಬಗ್ಗೆ. ಪ್ಯಾರಿಸ್ಸಿನಲ್ಲಿ ಪ್ಯಾಕ್ ಮಾಡಿದವರು ‘ಹಳೆಯ ಕಂಚಿನ ಅಲಂಕಾರದ ತಟ್ಟೆ, 7’ ಎಂದು ಬರೆದದ್ದು ನಿಮ್ಮ ಗೋದಾಮಿನ ಪಟ್ಟಿಯಲ್ಲಿ ‘ಹಿತ್ತಾಳೆ ತಟ್ಟೆ, 7, ಅಡುಗೆಮನೆ’ ಎಂದಾಗಿದೆ. ಮುಂದಿನ ಅನಾಹುತವೆಲ್ಲ ಇಲ್ಲಿಂದಲೇ ಶುರು.

ಪೆಟ್ಟಿಗೆ ಬಿಚ್ಚಿದರೆ ಏಳೂ ತಟ್ಟೆಗಳು ಹೊಸ ಪಾತ್ರೆ ಅಂಗಡಿಯಿಂದ ಬಂದಂತೆ ಫಳಫಳ ಹೊಳೆಯುತ್ತಿದ್ದವು. ನಿಮ್ಮ ಸೂಪರ್‌ವೈಸರ್ ನಗುತ್ತಾ, “ಮೇಡಂ, ತುಂಬಾ ಕಪ್ಪಾಗಿದ್ವು. ಗೃಹಪ್ರವೇಶ ಇದೆ ಅಂದ್ರಲ್ಲ, ಹುಡುಗ್ರ ಕೈಲಿ ಬಫಿಂಗ್ ಹಿಡಿಸ್ಬಿಟ್ಟೆ. ಫ್ರೀ ಸರ್ವಿಸ್” ಎಂದರು. ಅವರ ಮುಖದಲ್ಲಿದ್ದ ಖುಷಿ ನೋಡಿ ಬೈಯಲೂ ಬಾಯಿ ಬರಲಿಲ್ಲ. ಆದರೆ ನಾನು ವಿಮೆಗೆ ಅರ್ಜಿ ಹಾಕಿದ ಮೇಲೆ ನಿಮ್ಮ ಕಚೇರಿ ಕಳಿಸಿದ ಉತ್ತರ ಓದಿ ಆ ಸಂಕೋಚವೂ ಹೋಯಿತು. “ಸಾಮಾನಿಗೆ ಹಾನಿಯಾಗಿಲ್ಲ; ಮೊದಲಿಗಿಂತ ಉತ್ತಮ ಸ್ಥಿತಿಯಲ್ಲಿ ತಲುಪಿಸಲಾಗಿದೆ.” ಈ ಪತ್ರ ಆ ಒಂದು ಮಾತಿಗೆ ಉತ್ತರ.

ನೀವು ತಿಕ್ಕಿ ತೆಗೆದದ್ದು ಕೊಳೆಯಲ್ಲ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ಎರಕದ ಕಾರ್ಖಾನೆಗಳಲ್ಲಿ ಮರಳಿನ ಅಚ್ಚಿನಿಂದ ತಟ್ಟೆ ಹೊರಬಂದ ಮೇಲೆ ಒಬ್ಬ ಉಳಿ ಹಿಡಿದು ಅದರ ಗೆರೆಗಳನ್ನು ತೀಡುತ್ತಿದ್ದ. ಆಮೇಲೆ ಅದು ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಅವನ ಕೆಲಸವೇ ಬಣ್ಣ ಬರಿಸುವುದು. ಲೋಹವನ್ನು ಬಿಸಿಮಾಡಿ, ರಾಸಾಯನಿಕದ ದ್ರಾವಣವನ್ನು ಕುಂಚದಿಂದ ಪದರ ಪದರವಾಗಿ ಹಚ್ಚಿ, ಕಂದೋ ಕಪ್ಪೋ ಹಸಿರೋ ಬೇಕಾದಷ್ಟೇ ಬಂದಾಗ ನಿಲ್ಲಿಸಿ, ಮೇಣ ತಿಕ್ಕುತ್ತಿದ್ದ. ಇದಕ್ಕೆ ಪ್ಯಾಟಿನಾ ಎನ್ನುತ್ತಾರೆ. ಚಿತ್ರಕ್ಕೆ ಬಣ್ಣ ಹೇಗೋ ಕಂಚಿಗೆ ಇದು ಹಾಗೆ. ಅದರ ಮೇಲೆ ನೂರಿಪ್ಪತ್ತು ವರ್ಷ ಜನರ ಕೈ ಆಡಿ ಬಂದ ಮೆರುಗು ಬೇರೆ.

ನಮ್ಮ ಕಡೆಯವರಿಗೆ ಇದು ತೋಚುವುದಿಲ್ಲ ಎಂಬುದೂ ನನಗೆ ಗೊತ್ತು. ನಮ್ಮತ್ತೆ ಪ್ಯಾರಿಸ್ಸಿಗೆ ಬಂದಾಗ ಮೊದಲ ದಿನವೇ, “ಇಷ್ಟು ಒಳ್ಳೇ ತಟ್ಟೆ, ಹೀಗಾ ಮಸಿ ಹಿಡಿಸೋದು? ಒಂಚೂರು ಹುಣಸೆಹಣ್ಣು ಕೊಡು” ಎಂದಿದ್ದರು. ದೇವರಮನೆಯ ಹರಿವಾಣವನ್ನು ಶುಕ್ರವಾರಕ್ಕೊಮ್ಮೆ ಉಜ್ಜಿ ಬೆಳೆದವರಿಗೆ ಕಪ್ಪು ತಟ್ಟೆ ಅಂದರೆ ಮನೆಯವಳ ಸೋಮಾರಿತನ. ಆದರೂ ಅತ್ತೆ ಉಜ್ಜುವ ಮೊದಲು ಕೇಳಿದರು. ನೀವು ಕೇಳಲಿಲ್ಲ.

ಏಳರಲ್ಲಿ ದೊಡ್ಡದರ ಕಥೆ ಹೇಳಲೇಬೇಕು. ಅದು ಪಾದವಿರುವ ದುಂಡು ತಟ್ಟೆ, 2016ರಲ್ಲಿ ಪ್ಯಾರಿಸ್ಸಿನ ದ್ರುಓ ಹರಾಜುಮನೆಯಲ್ಲಿ ಕೊಂಡದ್ದು. ವಿನ್ಯಾಸ ಶಿಲ್ಪಿ ಫರ್ಡಿನಾಂಡ್ ಲೆವಿಲ್ಯಾಂ ಅವರದು, ಎರಕ ಬಾರ್ಬೆದಿಯೆನ್ ಕಾರ್ಖಾನೆಯದು. ಫರ್ಡಿನಾಂಡ್ ಬಾರ್ಬೆದಿಯೆನ್ ಎಂಬ ಈ ಮನುಷ್ಯ 1838ರಲ್ಲಿ ಅಶಿಲ್ ಕೊಲಾ ಜತೆ ಸೇರಿ ಉದ್ಯಮ ಶುರುಮಾಡಿದವರು. ದೊಡ್ಡ ಶಿಲ್ಪವನ್ನು ಅಳತೆ ತಪ್ಪದೆ ಚಿಕ್ಕದು ಮಾಡುವ ಯಂತ್ರ ಕೊಲಾ ಅವರದು. ಅದರಿಂದಾಗಿ ವಸ್ತುಸಂಗ್ರಹಾಲಯದಲ್ಲಿ ನಿಂತಿದ್ದ ಗ್ರೀಕ್ ದೇವತೆಗಳು ಮಧ್ಯಮ ವರ್ಗದವರ ಬೆಂಕಿಗೂಡಿನ ಮೇಲಕ್ಕೂ ಬಂದವು. ಬಾರ್ಬೆದಿಯೆನ್ 1892ರಲ್ಲಿ ತೀರಿಕೊಂಡ ಮೇಲೂ ಅವರ ಸೋದರಳಿಯ ಕಾರ್ಖಾನೆ ನಡೆಸಿದರು. ಲೆವಿಲ್ಯಾಂ ಪದಕಗಳನ್ನು ಕೆತ್ತಿ ಪಳಗಿದ ಕೈ. ತಟ್ಟೆಯ ಮೇಲೂ ಗ್ರೀಕ್ ಮಾದರಿಯ ಆಕೃತಿಗಳನ್ನು ನಾಣ್ಯದ ಮೇಲಿನಷ್ಟೇ ತೆಳ್ಳಗೆ ಉಬ್ಬಿಸುತ್ತಿದ್ದರು. ನನ್ನ ತಟ್ಟೆಯಲ್ಲಿ ಆ ಉಬ್ಬು ಒಂದು ಮಿಲಿಮೀಟರಿಗೂ ಕಡಿಮೆ. ಅದರ ಮೇಲೆ ನಿಮ್ಮ ಹುಡುಗರು ಬಫಿಂಗ್ ಚಕ್ರ ಹಿಡಿದಿದ್ದಾರೆ. ನಡುವಿನ ಮುಖಕ್ಕೆ ಈಗ ಮೂಗಿಲ್ಲ. ಕೂದಲಿನ ಎಳೆಗಳು ಒಂದು ಮುದ್ದೆ. ಅಂಚಿನ ಸಹಿಯಲ್ಲಿ ‘ಬಾರ್ಬೆ’ವರೆಗೆ ಓದಬಹುದು, ಮುಂದಿನದು ಸವೆದಿದೆ. ಸಹಿ ಹೋದರೆ ಹರಾಜಿನಲ್ಲಿ ಅದರ ಬೆಲೆ ಏನಾಗುತ್ತದೆ ಎಂದು ನಿಮ್ಮ ವಿಮೆಯವರು ಯಾವ ಮೌಲ್ಯಮಾಪಕರನ್ನಾದರೂ ಕೇಳಲಿ.

ಎರಡನೆಯದು ಅಂಡಾಕಾರದ ಚಿಕ್ಕ ತಟ್ಟೆ. ಅದಕ್ಕೆ ಚಿನ್ನದ ಲೇಪವಿತ್ತು, ಪಾದರಸದ ವಿಧಾನದ್ದು. 1840ರ ದಶಕದಲ್ಲಿ ವಿದ್ಯುತ್ತಿನಿಂದ ಲೇಪಿಸುವುದು ಬಳಕೆಗೆ ಬರುವ ಮೊದಲು ಚಿನ್ನವನ್ನು ಪಾದರಸದಲ್ಲಿ ಕಲಸಿ ಕಂಚಿಗೆ ಬಳಿದು ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಅಂಟಿಕೊಳ್ಳುತ್ತಿತ್ತು. ಆ ಹೊಗೆ ಕುಡಿದು ಕೆಲಸಗಾರರಿಗೆ ಕೈನಡುಕ ಹತ್ತುತ್ತಿತ್ತು, ಆಯಸ್ಸು ಮುರಿಯುತ್ತಿತ್ತು. ಅಷ್ಟು ಬೆಲೆ ತೆತ್ತ ಚಿನ್ನ ನಿಮ್ಮ ಗೋದಾಮಿನ ಬಟ್ಟೆಚಕ್ರಕ್ಕೆ ಅಂಟಿಕೊಂಡು ಹೋಗಿದೆ. ಎಲೆಗಳ ಸಂದಿಯಲ್ಲಿ ಮಾತ್ರ ಒಂದಿಷ್ಟು ಉಳಿದಿದೆ.

ಇನ್ನು ನಾಲ್ಕು ‘ವಿದ್-ಪೋಶ್’ಗಳು. ಹಾಗೆಂದರೆ ಜೇಬು ಖಾಲಿ ಮಾಡುವ ತಟ್ಟೆ ಎಂದರ್ಥ: ಮನೆಗೆ ಬಂದವರು ಚಿಲ್ಲರೆ, ಬೀಗದ ಕೈ ಹಾಕಿಡುವುದಕ್ಕೆ ಬಾಗಿಲ ಬಳಿ ಇಡುತ್ತಿದ್ದದ್ದು. 1900ರ ಆಸುಪಾಸಿನವು, ಹೆಣ್ಣಿನ ಬಿಚ್ಚುಗೂದಲೇ ಹರಿದು ತಾವರೆ ಎಲೆಯಾಗುವಂಥವು. ಮುಡಿ ಕಂದು, ಎಲೆ ಹಸಿರು ಇದ್ದವು. ಈಗ ನಾಲ್ಕೂ ಒಂದೇ ಹಳದಿ.

ಏಳನೆಯದಕ್ಕೆ ನಾನು ಪರಿಹಾರ ಕೇಳುತ್ತಿಲ್ಲ. ಅದನ್ನು ಪ್ಯಾರಿಸ್ಸಿನ ಅಂಚಿನ ಸ್ಯಾಂತ್-ವ್ಯಾಂ ಹಳೆ ಸಾಮಾನಿನ ಸಂತೆಯಲ್ಲಿ 140 ಯೂರೋ ಕೊಟ್ಟು ತಂದಿದ್ದೆ, ಅಪ್ಪಟ ಕಂಚು ಎಂದು ಮಾರಿದವನು ಆಣೆ ಹಾಕಿದ್ದ. ನಿಮ್ಮ ಬಫಿಂಗ್ ಆದ ಮೇಲೆ ಬೂದು ಲೋಹ ಕಾಣಿಸಿತು. ಅದು ರೆಗ್ಯೂಲ್: ಸತುವಿನ ಅಗ್ಗದ ಮಿಶ್ರಲೋಹಕ್ಕೆ ಕಂಚಿನ ಬಣ್ಣ ಬಳಿದದ್ದು. ಬೆರಳಿನಿಂದ ತಟ್ಟಿದರೆ ಕಂಚು ಗುಂಯ್ ಎನ್ನುತ್ತದೆ, ಇದು ಮೊದಲಿನಿಂದಲೂ ಟಪ್ ಎನ್ನುತ್ತಿತ್ತು. ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ ಅಷ್ಟೆ. ಆ ನಷ್ಟ ನನ್ನದು.

ಉಳಿದ ಆರಕ್ಕೆ, ಸಾಗಿಸುವ ಮೊದಲು ನೀವೇ ಒಪ್ಪಿ ಸಹಿ ಹಾಕಿದ ಮೌಲ್ಯಪಟ್ಟಿಯಂತೆ ಪೂರ್ತಿ ಹಣ ಕೊಡಬೇಕು. ‘ಮತ್ತೆ ಕಪ್ಪು ಮಾಡಿಸಿಕೊಡುತ್ತೇವೆ’ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಬೇಡ. ಹೊಸ ಬಣ್ಣ ಹಚ್ಚಿಸಬಹುದು, ಸವೆದ ಮೂಗು ಬರುವುದಿಲ್ಲ. ಹಚ್ಚಿಸುವುದಾದರೂ ನಾನು ಆರಿಸಿದ ಲೋಹ ಸಂರಕ್ಷಣಾ ತಜ್ಞರಿಂದ, ನಿಮ್ಮ ಖರ್ಚಿನಲ್ಲಿ. ಹಿತ್ತಾಳೆ, ಅಡುಗೆಮನೆ ಎಂದು ಪಟ್ಟಿ ಬದಲಿಸಿದ್ದು ಯಾರು, ಕೇಳದೆ ಪಾಲಿಶ್ ಮಾಡಲು ಹೇಳಿದ್ದು ಯಾರು ಎಂಬುದನ್ನು ಬರಹದಲ್ಲಿ ತಿಳಿಸಿ. ಬಫಿಂಗ್ ಮಾಡಿದ ಹುಡುಗರ ಸಂಬಳದಲ್ಲಿ ಇದನ್ನು ಮುರಿದುಕೊಳ್ಳಬೇಡಿ. ಅವರು ಹೇಳಿದ್ದನ್ನು ಮಾಡಿದ್ದಾರೆ.

ಸಾಗಣೆಗೆ ಮೊದಲು ತೆಗೆದ ಫೋಟೋಗಳು, ಈಗಿನ ಫೋಟೋಗಳು, ಹರಾಜಿನ ರಸೀದಿ, ನಿಮ್ಮ ಎರಡೂ ಪಟ್ಟಿಗಳನ್ನು ಲಗತ್ತಿಸಿದ್ದೇನೆ. 30 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುತ್ತೇನೆ.

ಇನ್ನೊಂದು ಮಾತು. ನಮ್ಮ 61ನೆಯ ಪೆಟ್ಟಿಗೆ ಇನ್ನೂ ನಿಮ್ಮ ಗೋದಾಮಿನಲ್ಲೇ ಇದೆ. ಅದರಲ್ಲಿ ಒಂದು ಕಂಚಿನ ಮಸಿಕುಡಿಕೆ ಇದೆ. ಕಪ್ಪಗಿದೆ. ದಯವಿಟ್ಟು ಹಾಗೆಯೇ ಕಳಿಸಿಕೊಡಿ.

ಇತಿ,
ನಿಮ್ಮ ಗ್ರಾಹಕಿ
(ಸಹಿ)