ಬುರುಜಿನ ಅಂಚಿನಲ್ಲಿ ನಿಂತ ಮಗಳಿಗೆ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ಬಸ್ ಹತ್ತುವಾಗ ನೀನು ಅಮ್ಮನಿಗೆ ಮಾತ್ರ "ಬರ್ತೀನಿ" ಅಂದೆ. ನನ್ನ ಕಡೆ ನೋಡಲೇ ಇಲ್ಲ. ಆಮೇಲೂ ಅಷ್ಟೇ. ಅಮ್ಮನ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೀಯ, ನನ್ನ ಕೈಗೆ ಫೋನ್ ಬಂದರೆ "ಹೂಂ ಅಪ್ಪ, ಸರಿ ಅಪ್ಪ". ಮುಂದಿನ ವಾರ ಕೆಲಸಕ್ಕೆ ಬೀದರಿಗೆ ಹೊರಡುತ್ತೀಯ. ಈ ಮುನಿಸು ಇಟ್ಟುಕೊಂಡೇ ಹೋಗಬೇಡ ಅಂತ ಬರೆಯುತ್ತಿದ್ದೇನೆ. ಎದುರು ಕೂತರೆ ನನ್ನ ದನಿ ಜೋರಾಗಿಬಿಡುತ್ತದೆ.

ನಾವೆಲ್ಲ ಹೋಗಿಬಂದ ವಿಜಯಪುರ ಪ್ರವಾಸದ ಕಥೆಯೆಲ್ಲ ಮತ್ತೆ ಹೇಳುವುದಿಲ್ಲ. ಬಿಸಿಲು, ತಮ್ಮನ ಚಪ್ಪಲಿ ಕಿತ್ತುಹೋಗಿದ್ದು, ಎಲ್ಲ ನಿನಗೂ ನೆನಪಿದೆ. ನನಗೆ ಹೇಳಬೇಕಾಗಿರುವುದು ಉಪಲಿ ಬುರುಜಿನ ವಿಷಯ ಮಾತ್ರ.

ಅಷ್ಟು ಜನರ ಮುಂದೆ "ಬುದ್ಧಿ ಇಲ್ವಾ ನಿನಗೆ" ಅಂದೆ. ಆ ಮಾತಿಗೆ ಕ್ಷಮಿಸು. ಕೂಗಿದ್ದಕ್ಕೆ ಕ್ಷಮೆ ಕೇಳಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಆ ಬುರುಜು ಸುಮಾರು 80 ಅಡಿ ಎತ್ತರ. ಹೊರಗಿನಿಂದ ಸುತ್ತಿಕೊಂಡು ಹೋಗುವ ಕಲ್ಲಿನ ಮೆಟ್ಟಿಲು. ಅಮ್ಮನ ಕೈ ಹಿಡಿದು ನಿಧಾನಕ್ಕೆ ಮೇಲೆ ಬಂದೆ. ಆ ಉದ್ದನೆಯ ಫಿರಂಗಿ ಪಕ್ಕ ನಿಂತು ಉಸಿರು ಎಳೆದುಕೊಂಡು ತಲೆ ಎತ್ತಿದರೆ, ನೀನು ಮೋಟುಗೋಡೆಯ ಮೇಲೆ ನಿಂತಿದ್ದೀಯ! ಎರಡೂ ಕೈಯಲ್ಲಿ ಕ್ಯಾಮೆರಾ. ದುಪಟ್ಟ ಗಾಳಿಗೆ ಹಾರಿ ಮುಖಕ್ಕೆ ಬಡಿಯುತ್ತಿದೆ. ಕೆಳಗೆ ನೋಡದೆಯೇ ಇನ್ನೊಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ.

ಗೋಡೆ ಅಗಲವಾಗಿಯೇ ಇತ್ತು ಅಂತ ಆಮೇಲೆ ನೀನು ಹೇಳಿದೆ. ಇರಬಹುದು. ನನಗೆ ಕಂಡಿದ್ದು ನಿನ್ನ ಹಿಮ್ಮಡಿ, ಅದರಾಚೆ ಬರೀ ಆಕಾಶ. ರಾತ್ರಿ ಕಣ್ಣು ಮುಚ್ಚಿದರೂ ಅದೇ ಹಿಮ್ಮಡಿ. ಗಾಳಿ ಇನ್ನಷ್ಟು ಜೋರಾಗಿ ಬೀಸಿದ್ದರೆ? ದುಪಟ್ಟ ಕಣ್ಣಿಗೆ ಅಡ್ಡ ಬಂದಿದ್ದರೆ? ಕಾಲ ಕೆಳಗಿನ ಕಲ್ಲು ಅಲುಗಾಡಿದ್ದರೆ? ನಾನು ಕೂಗಿದ್ದಕ್ಕೇ ನೀನು ಬೆಚ್ಚಿಬಿದ್ದಿದ್ದರೆ? ಈ ಕೊನೆಯದು ತಲೆಗೆ ಬಂದಾಗ ಮಲಗಲು ಆಗುವುದೇ ಇಲ್ಲ, ಎದ್ದು ಕೂರುತ್ತೇನೆ. ಅಮ್ಮನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ನೀನು ಕಳಿಸಿದ ಫೋಟೋ ನೋಡಿದೆ, ಪುಟ್ಟಿ. ಊರಿನ ಕೋಟೆಗೋಡೆ ಮನೆಗಳ ನಡುವೆ ಮರೆಯಾಗುತ್ತದೆ, ರಸ್ತೆ ಬಂದ ಕಡೆ ತುಂಡಾಗುತ್ತದೆ, ಮತ್ತೆ ದೂರದಲ್ಲಿ ಬುರುಜಾಗಿ ಏಳುತ್ತದೆ. 1565ರ ರಕ್ಕಸತಂಗಡಿ ಯುದ್ಧದ ಕಾಲದ ಅಲಿ ಆದಿಲ್ ಶಾಹ ಕಟ್ಟಿಸಿದ್ದು, ಸುತ್ತಳತೆ ಸುಮಾರು 10 ಕಿಲೋಮೀಟರ್ ಅಂತ ನೀನು ದಾರಿಯುದ್ದಕ್ಕೂ ಹೇಳುತ್ತಿದ್ದೆ. ಆಗ ನನಗೆ ಅದು ಬರೀ ಅಂಕಿ. ಫೋಟೋದಲ್ಲಿ ಕಣ್ಣು ಹಾಯಿಸಿದಾಗ ಅರ್ಥವಾಯಿತು. ಕೆಳಗೆ ನಿಂತರೆ ಇದು ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದರೂ ಕಾಣುತ್ತಿತ್ತು ಅಲ್ವಾ?

ಗೋಳಗುಮ್ಮಟದಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. 44 ಮೀಟರ್ ಅಗಲದ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಅಂತ ನೀನು ಅಮ್ಮನಿಗೆ ವಿವರಿಸುತ್ತಿದ್ದೆ. ಒಂದನ್ನೊಂದು ದಾಟಿ ಹೆಣೆದುಕೊಂಡ ಕಮಾನುಗಳನ್ನು ಬೆರಳಲ್ಲಿ ಗಾಳಿಯಲ್ಲೇ ಬರೆದು ತೋರಿಸಿದೆ. ಗುಮ್ಮಟ ಹೊರಕ್ಕೆ ತಳ್ಳುವುದನ್ನು ಒಳಕ್ಕೆ ಬಾಗಿದ ಕಲ್ಲಿನ ಭಾರ ತಡೆಯುತ್ತದೆ ಅಂದೆ. ಗುರುತಿಲ್ಲದವರೂ ಬಂದು ಸುತ್ತ ನಿಂತರು. ಒಬ್ಬ ಯಜಮಾನರು "ಈ ಹುಡುಗಿ ಗೈಡಾ?" ಅಂತ ನನ್ನನ್ನು ಕೇಳಿದರು. "ಅಲ್ಲ ಸ್ವಾಮಿ, ನನ್ನ ಮಗಳು. ಆರ್ಕಿಟೆಕ್ಟು" ಅಂದೆ. ನೀನು ಮೇಲೆ ನೋಡುತ್ತಿದ್ದೆ. ಆರ್ಕಿಟೆಕ್ಚರ್ ಸೇರುವಾಗ ಮನೆಯಲ್ಲಿ ನಡೆದ ಮಾತುಗಳನ್ನು ಈಗ ಎತ್ತುವುದು ಬೇಡ.

ಬೀದರಿನಲ್ಲೂ ಕೋಟೆ, ಅಲ್ಲೂ ಹಳೆ ಗೋಡೆ. ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾದ ಮುಂದೆ ಈಗ ಉಳಿದಿರುವುದು ಒಂದೇ ಮಿನಾರು ಅಂತ ನೀನೇ ಹೇಳಿದೆ. ಇಂಥ ಕಟ್ಟಡಗಳ ಕೆಲಸ ಅಂದರೆ ಏಣಿ, ಸಾರುವೆ ಎಲ್ಲ ಇದ್ದೇ ಇರುತ್ತದೆ. ಸಾರುವೆ ಹತ್ತುವ ಮುಂಚೆ ಗಂಟು ಬಿಗಿಯಾಗಿದೆಯಾ ಅಂತ ಕೇಳು. ಕೇಳಿದರೆ ಯಾರೂ ನಗುವುದಿಲ್ಲ, ನಕ್ಕರೂ ನಗಲಿ. ಸೇಫ್ಟಿ ಬೆಲ್ಟ್ ಬಿಡಬೇಡ. ಮಳೆ ಬಂದ ಮಾರನೇ ದಿನ ಕಲ್ಲಿನ ಮೇಲೆ ಪಾಚಿ ಜಾರುತ್ತದೆ, ಆ ದಿನ ಕೆಳಗಿನ ಕೆಲಸ ನೋಡಿಕೋ. ದುಪಟ್ಟವನ್ನು ಸೊಂಟಕ್ಕೆ ಕಟ್ಟು, ಇಲ್ಲಾಂದರೆ ಬ್ಯಾಗಲ್ಲಿ ಇಡು. ಫೋನಿನಲ್ಲಿ ಮಾತಾಡುತ್ತಾ ಮೆಟ್ಟಿಲು ಇಳಿಯಬೇಡ. ಊಟ ಬಿಡುವ ಅಭ್ಯಾಸ ಬಿಡು. ಔರಂಗಜೇಬನ ಸೇನೆ ವರ್ಷಕ್ಕೂ ಮೀರಿ ಸುತ್ತುವರಿದಾಗ ವಿಜಯಪುರದ ಒಳಗೆ ತಿನ್ನಲು ಇಲ್ಲದೇ ಹೋಯಿತು, 1686ರಲ್ಲಿ ಊರು ಸೋತಿತು ಅಂತ ಹೇಳಿದವಳು ನೀನೇ. ಅಂಥ ಗೋಡೆ ಇದ್ದ ಊರೇ ಹಸಿವಿಗೆ ಸೋಲುತ್ತದೆ, ನೀನು ಮಧ್ಯಾಹ್ನ ಎರಡು ಬಿಸ್ಕತ್ತು ತಿಂದು ಬಿಸಿಲಲ್ಲಿ ನಿಲ್ಲುತ್ತೀಯ.

ಉಪದೇಶ ಮಾಡಬಾರದು ಅಂದುಕೊಂಡೇ ಬರೆಯಲು ಕೂತೆ. ಆದರೆ ಇದರಲ್ಲಿ ಒಂದನ್ನೂ ಹೊಡೆದುಹಾಕಲಾರೆ.

ಈ ಕೆಲಸ ನಿನಗೆ ಒಪ್ಪುತ್ತದೆ. ಬೇಡ ಅಂತ ನಾನು ಹೇಳುತ್ತಿಲ್ಲ, ಮುಂದೆಯೂ ಹೇಳುವುದಿಲ್ಲ. ದೀಪಾವಳಿ ರಜೆಗೆ ನಾವೇ ಬೀದರಿಗೆ ಬರುತ್ತೇವೆ. ಕೋಟೆಯನ್ನು ನೀನೇ ತೋರಿಸಬೇಕು, ಗೈಡ್ ಬೇಡ. ನೀನು ಎಲ್ಲೆಲ್ಲಿ ಹತ್ತುತ್ತೀಯೋ ಅಲ್ಲೆಲ್ಲ ನಾನೂ ಬರುತ್ತೇನೆ. ನಾನು ಎಷ್ಟೇ ನಿಧಾನ ಮಾಡಿದರೂ ಕಾಯಬೇಕು. ಇದರಲ್ಲಿ ವಾದ ಬೇಡ.

ನಿನ್ನ
ಅಪ್ಪ