ಪೇಪರ್ ಒಳಗಿನ ‘ಶಾಶ್ವತ ಪರಿಹಾರ’

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪೇಪರ್ ಬಿಡಿಸಿದರೆ ಒಳಗಿಂದ ಗುಲಾಬಿ ಬಣ್ಣದ ಕರಪತ್ರ ಬಿತ್ತು. ‘ಪಿಸಿಓಡಿಗೆ ಅಕ್ಯುಪಂಕ್ಚರ್. ಮಾತ್ರೆ ಬೇಡ, ಶಾಶ್ವತ ಪರಿಹಾರ.’ ಪಿಸಿಓಡಿ ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವ ತೊಂದರೆ. ಅಕ್ಯುಪಂಕ್ಚರ್ ಅಂದರೆ ಮೈಗೆ ಸೂಜಿ ಚುಚ್ಚುವ ಚಿಕಿತ್ಸೆ. ಆ ಕರಪತ್ರ ನೀವು ಅಚ್ಚು ಹಾಕಿದ್ದಲ್ಲ, ಹಂಚುವವರು ಸೇರಿಸಿದ್ದು ಅಂತ ಗೊತ್ತು. ಆದರೂ ನಿಮಗೇ ಬರೆಯುತ್ತಿದ್ದೇನೆ. ಹೋದ ವರ್ಷ ಇಂಥದ್ದೇ ಚೀಟಿ ನಂಬಿ ಮಗಳನ್ನು ಕರೆದುಕೊಂಡು ಹೋದವಳು ನಾನು.

ಅವಳಿಗೆ ಇಪ್ಪತ್ತೆರಡು. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಗದ್ದದ ಮೇಲೆ ಕೂದಲು, ಮೊಡವೆ. ಲೇಡಿ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ಮಾತ್ರೆ ಬರೆದುಕೊಟ್ಟಿದ್ದರು. ಸೂಜಿ ಚುಚ್ಚುವವರು ಮೊದಲ ದಿನವೇ ‘ಅದನ್ನೆಲ್ಲ ನಿಲ್ಲಿಸಿಬಿಡಿ’ ಅಂದರು. ನಿಲ್ಲಿಸಿದೆವು. ಹದಿನಾರು ಸಿಟ್ಟಿಂಗ್, ಒಂದಕ್ಕೆ 400 ರೂಪಾಯಿ. ಮಗಳಿಗೆ ನಿದ್ದೆ ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ. ಮುಟ್ಟು ಮಾತ್ರ ನಾಲ್ಕು ತಿಂಗಳು ಬರಲೇ ಇಲ್ಲ. ಐದನೇ ತಿಂಗಳು ಬಂದದ್ದು ಹದಿನೆಂಟು ದಿನವಾದರೂ ನಿಲ್ಲಲಿಲ್ಲ. ‘ಒಳಗಿನ ಕೊಳೆ ಹೋಗ್ತಾ ಇದೆ, ಒಳ್ಳೇದೇ’ ಅಂತ ಉತ್ತರ ಬಂತು.

ಹಳೆಯ ಡಾಕ್ಟರ ಹತ್ತಿರವೇ ಓಡಿದೆವು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಅಂಡಾಣು ಬಿಡುಗಡೆಯಾಗದೆ ಮುಟ್ಟು ತಿಂಗಳುಗಟ್ಟಲೆ ನಿಂತರೆ ಗರ್ಭಕೋಶದ ಒಳಪದರ ದಪ್ಪವಾಗಬಹುದು, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರಿನ ಅಪಾಯವೂ ಜಾಸ್ತಿ, ಮಾತ್ರೆ ಕೊಟ್ಟಿದ್ದು ಅದಕ್ಕೇ ಎಂದು ಅವರು ಬಿಡಿಸಿ ಹೇಳಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು.

ಆಮೇಲೆ ಕೂತು ಓದಿದೆ. ಈ ಸೂಜಿಯ ತವರು ಚೀನಾದಲ್ಲೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಪಿಸಿಓಡಿ ಇದ್ದು ಮಗು ಬೇಕೆಂದು ಬಂದ 1000 ಹೆಂಗಸರು. ಅರ್ಧದಷ್ಟು ಜನಕ್ಕೆ ಶಾಸ್ತ್ರ ಹೇಳಿದ ಜಾಗದಲ್ಲೇ ಸೂಜಿ. ಉಳಿದವರಿಗೆ ಭುಜ, ತೋಳಿನಲ್ಲಿ ಸುಮ್ನೆ ಮೇಲೆ ಮೇಲೆ ಚುಚ್ಚಿದ ಸೂಜಿ. ಎರಡೂ ಕಡೆ ಅರ್ಧರ್ಧ ಜನಕ್ಕೆ ಅಂಡಾಣು ಬಿಡುಗಡೆಯಾಗಲು ಕೊಡುವ ಕ್ಲೋಮಿಫೀನ್ ಮಾತ್ರೆ, ಮಿಕ್ಕವರಿಗೆ ನೋಡಲು ಹಾಗೇ ಇರುವ ಔಷಧವಿಲ್ಲದ ಮಾತ್ರೆ. ಫಲಿತಾಂಶ 2017ರಲ್ಲಿ ಅಮೆರಿಕದ ‘ಜಾಮಾ’ ವೈದ್ಯ ಪತ್ರಿಕೆಯಲ್ಲಿ ಬಂತು. ಕ್ಲೋಮಿಫೀನ್ ಜೊತೆ ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 29 ಜನಕ್ಕೆ ಮಗುವಾಯಿತು. ಅದರ ಜೊತೆ ಹುಸಿ ಸೂಜಿ ಹಾಕಿಸಿಕೊಂಡವರಲ್ಲಿ 28. ಕ್ಲೋಮಿಫೀನ್ ಇಲ್ಲದೆ ನಿಜವಾದ ಸೂಜಿಗೆ 14, ಹುಸಿ ಸೂಜಿಗೆ 17. ಕೆಲಸ ಮಾಡಿದ್ದು ಯಾವುದು ಅಂತ ಒಂಬತ್ತನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ, ಅಲ್ವಾ?

ಅದು ಮಗುವಿನ ಲೆಕ್ಕ, ನಿಜ. ಆದರೆ ‘ಶಾಶ್ವತ’ ಅನ್ನುವ ಮಾತನ್ನು ಡಾಕ್ಟರೇ ಆಡುವುದಿಲ್ಲ. ಹತೋಟಿಯಲ್ಲಿ ಇಡಬಹುದು ಅನ್ನುತ್ತಾರೆ, ಅಷ್ಟೇ. ದಪ್ಪ ಇರುವವರು ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿಸಿದರೂ ಮುಟ್ಟು ಸುಧಾರಿಸಬಹುದಂತೆ. ಮಗಳು ಈಗ ಮಾತ್ರೆ ತಗೊಂಡು ದಿನಾ ಬೆಳಿಗ್ಗೆ ಅಮಾನಿಕೆರೆ ಸುತ್ತುತ್ತಾಳೆ. ಬೇಕರಿ ಪಫ್ಸ್ ಬಿಡಿಸುವುದೇ ದೊಡ್ಡ ಯುದ್ಧ.

ಮುಟ್ಟಿನ ತೊಂದರೆ, ಬಂಜೆತನ ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡದಂತೆ 1954ರಿಂದಲೇ ಕಾಯ್ದೆ ಇದೆ. ಸೂಜಿ ಔಷಧವಲ್ಲ ಎಂದು ನುಣುಚಿಕೊಳ್ಳಲು ಬಿಡಬಾರದು. ಖಾಸಗಿ ಚಿಕಿತ್ಸಾ ಕೇಂದ್ರಗಳ ನೋಂದಣಿಗೂ ರಾಜ್ಯದಲ್ಲಿ 2007ರ ಕಾಯ್ದೆ ಇದೆ. ಜಿಲ್ಲಾ ಆರೋಗ್ಯ ಇಲಾಖೆಯವರು ಇಂಥ ಕರಪತ್ರದ ವಿಳಾಸ ಹಿಡಿದು ಒಮ್ಮೆ ಹೋಗಿ ನೋಡಲಿ. ನೀವೂ ನಿಮ್ಮ ಏಜೆಂಟರಿಗೆ ಒಂದು ಮಾತು ಹೇಳಿ. ಭಾನುವಾರದ ಆ ಕರಪತ್ರ ನನ್ನ ಹತ್ತಿರ ಇದೆ. ಕೇಳಿದರೆ ಕಳಿಸಿಕೊಡುತ್ತೇನೆ.

— ನಿವೃತ್ತ ಶಿಕ್ಷಕಿ, ಕ್ಯಾತ್ಸಂದ್ರ, ತುಮಕೂರು